ಸೊಲ್ಲಾಪುರದ ಕನ್ನಡ ತಾಯಂದಿರೂ ಅರ್ಬುದ ತಪಾಸಣೆಯೂ

ಸೊಲ್ಲಾಪುರ, ಅಕ್ಕಲಕೋಟೆ ಎಂಬ ಹೆಸರುಗಳು ಕಾಸರಗೋಡಿನ ಕನ್ನಡಿಗರಿಗೆ ಹೊಸತಲ್ಲ. ಮಹಾಜನ ಆಯೋಗವು 1967ರಲ್ಲಿ ಕೊಟ್ಟ ವರದಿಯಲ್ಲಿ ಚಂದ್ರಗಿರಿ ಹೊಳೆಯ ಬಡಗು ಭಾಗದ ನಮ್ಮ ನಾಡಿನೊಂದಿಗೆ ಅಕ್ಕಲಕೋಟೆ, ಸೊಲ್ಲಾಪುರ, ಜತ್ತ ಕಡೆಯ ಊರುಗಳೂ ಕನ್ನಡ ರಾಜ್ಯಕ್ಕೆ ಸೇರತಕ್ಕವೆಂದು ಹೇಳಲಾಗಿತ್ತು. ವರದಿ ಜಾರಿಗೆ ಬರಲಿಲ್ಲ. ನಾವು ಕೇರಳದಲ್ಲಿ ಉಳಿದೆವು, ಅವರು ಮಹಾರಾಷ್ಟ್ರದಲ್ಲಿ ಉಳಿದರು. ಅಂದಿನಿಂದ ಎರಡೂ ಕಡೆಯ ಕನ್ನಡಿಗರು ಶಾಲೆಯ ಬಗ್ಗೆ, ಅಧ್ಯಾಪಕರ ನೇಮಕದ ಬಗ್ಗೆ, ಕಚೇರಿಯ ಅರ್ಜಿ ನಮೂನೆಗಳ ಬಗ್ಗೆ ಸಾಕಷ್ಟು ಹೇಳಿದ್ದಾರೆ, ಬರೆದಿದ್ದಾರೆ. ಆಸ್ಪತ್ರೆಯ ಬಗ್ಗೆ ಬರೆದದ್ದು ಕಡಿಮೆ. ಆಸ್ಪತ್ರೆಯೊಳಗೆ ಹೆಂಗಸರ ವಿಭಾಗದ ಬಗ್ಗೆ ಬರೆದದ್ದು ಇನ್ನೂ ಕಡಿಮೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇದೆಲ್ಲ ಬೇಕೇ ಎಂದು ಕೇಳುವವರು ಇರಬಹುದು. ಮನೆಮಂದಿ ಓದುತ್ತಾರೆಂದೇ ಬರೆಯುತ್ತಿದ್ದೇವೆ.

ವಿಷಯ ಇಷ್ಟು. ಎಚ್.ಐ.ವಿ. ಸೋಂಕು ತಗಲಿದ ಹೆಂಗಸಿಗೆ ಗರ್ಭಕೋಶದ ಕೊರಳಿನ ಅರ್ಬುದ, ಎಂದರೆ ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವ ಸೋಂಕಿಲ್ಲದವಳಿಗಿಂತ ಸುಮಾರು ಆರು ಪಾಲು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಕ್ಯಾನ್ಸರನ್ನು ಅದು ಕ್ಯಾನ್ಸರ್ ಆಗುವ ಮೊದಲೇ ಹಿಡಿಯಬಹುದು. ಹಿಡಿಯುವ ತಪಾಸಣೆಗೆ ಕೆಲವು ನಿಮಿಷ ಸಾಕು. ಎಚ್.ಐ.ವಿ. ಇರುವವರು ಗುಳಿಗೆಗಾಗಿ ತಿಂಗಳಿಗೋ ಎರಡು ಮೂರು ತಿಂಗಳಿಗೋ ಒಮ್ಮೆ ಸರಕಾರಿ ಆಸ್ಪತ್ರೆಯ ಏ.ಆರ್.ಟಿ. ಕೇಂದ್ರಕ್ಕೆ ಬಂದೇ ಬರುತ್ತಾರೆ. ಹುಡುಕಿಕೊಂಡು ಹೋಗಬೇಕಾದ ರೋಗಿಗಳಲ್ಲ ಇವರು; ತಾವಾಗಿಯೇ ಬಾಗಿಲಿಗೆ ಬರುವವರು. ಹೀಗಿದ್ದೂ ಗುಳಿಗೆ ಕೊಡುವ ಕಿಟಕಿಯಿಂದ ತಪಾಸಣೆ ಮಾಡುವ ಕೋಣೆಯ ತನಕದ ಆ ನಾಲ್ಕು ಹೆಜ್ಜೆ ನಮ್ಮ ದೇಶದಲ್ಲಿ ಬಹಳ ದೂರವಾಗಿಬಿಟ್ಟಿದೆ. ಗಡಿನಾಡಿನ ಹೆಂಗಸಿಗೆ ಆ ದೂರ ಇನ್ನೂ ಒಂದಷ್ಟು ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಬೇಕು. ಎಚ್.ಐ.ವಿ. ಬೇರೆ, ಎಚ್.ಪಿ.ವಿ. ಬೇರೆ. ಕಿವಿಗೆ ಒಂದೇ ತರಹ ಕೇಳಿಸುವುದರಿಂದ ಓದಿದವರೂ ತಪ್ಪುವುದುಂಟು. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾದದ್ದು ಎಚ್.ಪಿ.ವಿ. ಎಂಬ ವೈರಸ್. ಸಂಸಾರ ಮಾಡಿದ ಗಂಡು ಹೆಣ್ಣುಗಳಲ್ಲಿ ಹೆಚ್ಚಿನವರಿಗೆ ಬಾಳಿನಲ್ಲಿ ಒಮ್ಮೆಯಾದರೂ ತಗಲಿ ಹೋಗುವ ವೈರಸ್ಸಿದು. ನಡತೆಗೂ ಇದಕ್ಕೂ ಗಂಟು ಹಾಕುವುದು ಅಜ್ಞಾನ. ದೇಹದಲ್ಲಿ ರೋಗ ತಡೆಯುವ ಶಕ್ತಿ ಇದ್ದರೆ ಅದು ತಾನಾಗಿ ಹೊರಟುಹೋಗುತ್ತದೆ. ಕೆಲವರಲ್ಲಿ ಹೋಗದೆ ನಿಲ್ಲುತ್ತದೆ. ನಿಂತಲ್ಲಿ ಗರ್ಭಕಂಠದ ಮೇಲ್ಪದರದ ಜೀವಕೋಶಗಳು ಮೆಲ್ಲಮೆಲ್ಲನೆ ಕೆಡುತ್ತವೆ. ಹಾಗೆ ಕೆಟ್ಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಎಚ್.ಐ.ವಿ.ಗೆ ಚಿಕಿತ್ಸೆಯಿಲ್ಲದೆ ಶಕ್ತಿ ಕುಂದಿದ ದೇಹದಲ್ಲಿ 5ರಿಂದ 10 ವರ್ಷ ಸಾಕು. ಹದಿನೈದು ವರ್ಷದಲ್ಲಿ ಯಾವಾಗಲಾದರೂ ಒಮ್ಮೆ ಹಿಡಿಯಬಹುದಾದ ಕಳ್ಳನನ್ನು ಐದು ವರ್ಷದಲ್ಲಿ ಹಿಡಿಯಬೇಕೆಂದರೆ ಕಾವಲು ಕೂಡ ಆಗಾಗ ಇರಬೇಕಲ್ಲವೇ?

ಇನ್ನೊಂದು ಮಾತು. ನಮ್ಮ ದೇಶದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಅಂದಿನ ಮದರಾಸಿನಲ್ಲಿ. ಸರಕಾರ ಧರ್ಮಾರ್ಥವಾಗಿ ಗುಳಿಗೆ ಕೊಡಲು ಶುರುಮಾಡಿದ್ದು 2004ರ ಏಪ್ರಿಲಿನಲ್ಲಿ. ನಡುವಣ ವರ್ಷಗಳಲ್ಲಿ ಸೋಂಕು ತಗಲಿದ ಬಡವರ ಹೆಂಡಂದಿರು ಕ್ಯಾನ್ಸರ್ ಬರುವಷ್ಟು ಕಾಲ ಬದುಕುತ್ತಲೇ ಇರಲಿಲ್ಲ. ಕ್ಷಯವೋ ಭೇದಿಯೋ ಮೊದಲೇ ಕೊಂಡೊಯ್ಯುತ್ತಿತ್ತು. ಈಗ ದಿನಕ್ಕೊಂದು ಗುಳಿಗೆ ತಪ್ಪದೆ ನುಂಗಿದರೆ ಬಹುಮಟ್ಟಿಗೆ ಎಲ್ಲರಂತೆ ಬಾಳಬಹುದು. ಮೂವತ್ತರಲ್ಲಿ ಸಾಯಬೇಕಾಗಿದ್ದ ತಾಯಿ ಐವತ್ತು ದಾಟಿ ಮೊಮ್ಮಗುವನ್ನು ಎತ್ತಿಕೊಳ್ಳುತ್ತಾಳೆ. ಸಂತೋಷದ ವಿಷಯವೇ. ಆದರೆ ಗುಳಿಗೆ ಉಳಿಸಿಕೊಟ್ಟ ಆ ಜೀವವನ್ನು ತಡೆಯಬಹುದಾಗಿದ್ದ ಇನ್ನೊಂದು ರೋಗಕ್ಕೆ ಬಿಟ್ಟುಕೊಡುವುದೆಂದರೇನು? ದೇಶದಲ್ಲಿ ಎಚ್.ಐ.ವಿ. ಇರುವವರು ಈಗ 25 ಲಕ್ಷದ ಆಸುಪಾಸು. ರಾಜ್ಯವಾರು ನೋಡಿದರೆ ಎಲ್ಲರಿಗಿಂತ ಹೆಚ್ಚು ಮಂದಿ ಮಹಾರಾಷ್ಟ್ರದಲ್ಲಿದ್ದಾರೆ. ಹೆಂಗಸರಲ್ಲಿ ಬಹುಪಾಲು ಮಂದಿಗೆ ಸೋಂಕು ಬಂದದ್ದು ಕಟ್ಟಿಕೊಂಡ ಗಂಡನಿಂದಲೇ.

ಸೊಲ್ಲಾಪುರ ಜಿಲ್ಲೆಯನ್ನೇ ನಾವು ಎತ್ತಿಕೊಂಡದ್ದಕ್ಕೆ ಕನ್ನಡದ ನಂಟು ಮಾತ್ರ ಕಾರಣವಲ್ಲ. ಗರ್ಭಕಂಠದ ಕ್ಯಾನ್ಸರಿನ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ ಊರೊಂದು ಆ ಜಿಲ್ಲೆಯಲ್ಲೇ ಇದೆ. ಅದು ಬಾರ್ಶಿ. ಸೊಲ್ಲಾಪುರದಿಂದ ಬಡಗಣಕ್ಕೆ ಸುಮಾರು 70 ಕಿಲೋಮೀಟರ್. ಅಲ್ಲಿನ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯನ್ನು ಆಶ್ರಯಿಸಿ 1987ರಲ್ಲಿ ಹಳ್ಳಿಗಾಡಿನ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಭಾರತದಲ್ಲಿ ಹಳ್ಳಿಗಳಿಗಾಗಿಯೇ ಆದ ಮೊದಲ ನೋಂದಣಿಯದು. ಬಾರ್ಶಿ, ಪರಾಂಡಾ, ಭೂಮ್ ತಾಲೂಕುಗಳ 346 ಹಳ್ಳಿಗಳನ್ನು ಅದು ನೋಡಿಕೊಂಡಿತು. ಪಟ್ಟಣದ ನೋಂದಣಿಯವರು ಆಸ್ಪತ್ರೆಯ ಕಡತ ನೋಡಿ ಲೆಕ್ಕ ಬರೆಯಬಹುದು. ಹಳ್ಳಿಯವಳು ಆಸ್ಪತ್ರೆಗೆ ಬಂದರೆ ತಾನೇ ಕಡತ? ಆದುದರಿಂದ ಬಾರ್ಶಿಯವರು ಹಳ್ಳಿಹಳ್ಳಿಗೆ ಹೋದರು. ಮುಟ್ಟು ನಿಂತ ಮೇಲೂ ರಕ್ತ ಕಂಡರೆ, ವಾಸನೆಯ ಬಿಳಿಸೆರಗು ಹೋಗುತ್ತಿದ್ದರೆ, ಗಂಡನ ಜತೆ ಕೂಡಿದ ಬಳಿಕ ರಕ್ತ ಬಂದರೆ ತೋರಿಸಿಕೊಳ್ಳಿ ಎಂದು ಹೇಳಿದರು. ಹೆಚ್ಚೇನೂ ಇಲ್ಲ, ಹೇಳಿದ್ದಷ್ಟೇ. ಕೆಲವೇ ವರ್ಷಗಳಲ್ಲಿ ಹೆಂಗಸರು ಮೊದಲಿಗಿಂತ ಬೇಗ, ರೋಗ ಬಲಿಯುವ ಮುಂಚೆ ಬರತೊಡಗಿದ್ದು ಅವರ ದಾಖಲೆಗಳಲ್ಲೇ ಕಂಡುಬಂತು.

ಆ ಮೇಲೆ ಬಂದದ್ದು ದೊಡ್ಡ ಪರೀಕ್ಷೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ಬಾರ್ಶಿಯ ಆಸ್ಪತ್ರೆ, ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ ಜತೆಗೂಡಿ ಪಕ್ಕದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 1999ರಿಂದ ಇದನ್ನು ನಡೆಸಿದವು. 30ರಿಂದ 59 ವರ್ಷದೊಳಗಿನ 1,31,746 ಹೆಂಗಸರು. 52 ಗುಂಪು ಹಳ್ಳಿಗಳು. ಒಂದು ಭಾಗಕ್ಕೆ ಎಚ್.ಪಿ.ವಿ. ಪರೀಕ್ಷೆ, ಇನ್ನೊಂದಕ್ಕೆ ಪ್ಯಾಪ್ ಪರೀಕ್ಷೆ, ಮತ್ತೊಂದಕ್ಕೆ ಅಸೆಟಿಕ್ ಆಮ್ಲ ಸವರಿ ಕಣ್ಣಿನಿಂದ ನೋಡುವ ಪರೀಕ್ಷೆ. ಅದೂ ಒಂದೇ ಒಂದು ಸಲ. ನಾಲ್ಕನೆಯ ಭಾಗಕ್ಕೆ ತಪಾಸಣೆಯಿಲ್ಲ, ತಿಳಿವಳಿಕೆ ಮಾತ್ರ. ಎಂಟು ವರ್ಷ ಗಮನಿಸಿ ನೋಡಿದ ಬಳಿಕ, 2009ರಲ್ಲಿ, ಫಲ ಪ್ರಕಟವಾಯಿತು. ತಪಾಸಣೆಯಿಲ್ಲದ ಭಾಗದಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 64 ಮಂದಿ. ಎಚ್.ಪಿ.ವಿ. ಪರೀಕ್ಷೆಯ ಭಾಗದಲ್ಲಿ ಹೆಂಗಸರ ಸಂಖ್ಯೆ ಕೊಂಚ ಹೆಚ್ಚೇ ಇದ್ದರೂ ಸತ್ತವರು 34. ಬಾಳಿನಲ್ಲಿ ಒಂದು ಸಲ ಮಾಡಿದ ಪರೀಕ್ಷೆ ಸಾವನ್ನು ಹತ್ತಿರಹತ್ತಿರ ಅರ್ಧಕ್ಕೆ ಇಳಿಸಿತ್ತು. ಉಳಿದ ಎರಡು ಪರೀಕ್ಷೆಗಳಿಂದ ಅಷ್ಟು ಲಾಭ ಕಾಣಲಿಲ್ಲ.

ಆ 64 ಮಂದಿಯನ್ನು ತಪಾಸಣೆಯಿಲ್ಲದೆ ಬಿಟ್ಟದ್ದು ಸರಿಯೇ ಎಂದು ಮುಂದೆ ದೇಶದಲ್ಲೂ ಹೊರಗೂ ಬಿರುಸಿನ ಚರ್ಚೆ ನಡೆಯಿತು. ನಡೆಸಿದವರು, ಅಂದು ಆ ಹಳ್ಳಿಗಳಲ್ಲಿ ಯಾರಿಗೂ ಯಾವ ತಪಾಸಣೆಯೂ ಇರಲಿಲ್ಲ, ನಾವು ಇದ್ದುದನ್ನು ಕಿತ್ತುಕೊಂಡಿಲ್ಲ ಎಂದರು. ಆ ವಾದ ನಮಗೆ ಪೂರ್ತಿ ಹಿಡಿಸುವುದಿಲ್ಲ. ಅದು ಹೇಗೇ ಇರಲಿ, ಜಗತ್ತಿನ ತಪಾಸಣಾ ಪದ್ಧತಿಗೆ ಆಧಾರವಾದ ತಿಳಿವಿಗೆ ಬೆಲೆ ತೆತ್ತವರು ಆ ಹಳ್ಳಿಗಳ ಹೆಂಗಸರು. ವಿಶ್ವ ಆರೋಗ್ಯ ಸಂಸ್ಥೆ ಇಂದು ಎಲ್ಲ ದೇಶಗಳಿಗೂ ಎಚ್.ಪಿ.ವಿ. ಪರೀಕ್ಷೆಯೇ ಉತ್ತಮವೆಂದು ಹೇಳುವುದರ ಹಿಂದೆ ಆ ಫಲಿತಾಂಶವೂ ಇದೆ. ಆದರೆ ಭಾರತದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವರ್ಷದ ಹೆಂಗಸರಲ್ಲಿ ಈ ತಪಾಸಣೆಯನ್ನು ಎಂದಾದರೂ ಮಾಡಿಸಿಕೊಂಡವರು ನೂರಕ್ಕೆ 1.9. ಎರಡು ಮಂದಿಯೂ ತುಂಬಲಿಲ್ಲ. ಇತ್ತ 2022ರ ಅಂದಾಜಿನಂತೆ ದೇಶದಲ್ಲಿ ಒಂದು ವರ್ಷಕ್ಕೆ ಈ ಕ್ಯಾನ್ಸರಿಗೆ ಬಲಿಯಾಗುವವರು ಸುಮಾರು 80 ಸಾವಿರ.

ಎಚ್.ಐ.ವಿ. ಇರುವವರ ಮಟ್ಟಿಗೆ ನಿಯಮ ಏನು ಹೇಳುತ್ತದೆ? ವಿಶ್ವ ಆರೋಗ್ಯ ಸಂಸ್ಥೆಯ 2021ರ ಸೂಚನೆಯಂತೆ ಬೇರೆ ಹೆಂಗಸರಿಗೆ 30ರಲ್ಲಿ ತಪಾಸಣೆ ಆರಂಭವಾದರೆ ಇವರಿಗೆ 25ರಲ್ಲೇ ಆರಂಭವಾಗಬೇಕು. ಎಚ್.ಪಿ.ವಿ. ಪರೀಕ್ಷೆಯಾದರೆ ಬೇರೆಯವರಿಗೆ ಐದರಿಂದ ಹತ್ತು ವರ್ಷಕ್ಕೊಮ್ಮೆ, ಇವರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ. ವೈರಸ್ ಕಂಡ ಮಾತ್ರಕ್ಕೆ ಚಿಕಿತ್ಸೆಗೆ ಧಾವಿಸದೆ ಎರಡನೆಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು, ಯಾಕೆಂದರೆ ಇವರಲ್ಲಿ ಎಚ್.ಪಿ.ವಿ. ಕಾಣುವುದೇ ಹೆಚ್ಚು. ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೂ ಚಿಕಿತ್ಸೆಯ ಮಾರ್ಗಸೂಚಿಯಲ್ಲಿ ಗರ್ಭಕಂಠದ ತಪಾಸಣೆಯನ್ನು ಸೇರಿಸಿದೆ. ಆದರೆ ಹಳ್ಳಿಯ ಮಟ್ಟದಲ್ಲಿ ತಪಾಸಣೆಗೆ ಹೆಂಗಸರನ್ನು ಕರೆಯುವ ಪಟ್ಟಿ 2016ರ ಇನ್ನೊಂದು ಯೋಜನೆಯದು. ಅದರಲ್ಲಿ ವಯಸ್ಸು 30ರಿಂದ 65, ಅವಧಿ ಐದು ವರ್ಷ, ಪರೀಕ್ಷೆ ಅಸೆಟಿಕ್ ಆಮ್ಲದ್ದು. ಇಪ್ಪತ್ತಾರರ ವಿಧವೆಯೊಬ್ಬಳು ಎಚ್.ಐ.ವಿ. ಪುಸ್ತಕದಲ್ಲಿದ್ದಾಳೆ, ಕ್ಯಾನ್ಸರ್ ಪಟ್ಟಿಯಲ್ಲಿಲ್ಲ. ಆಶಾ ಕಾರ್ಯಕರ್ತೆ ಅವಳನ್ನು ಕರೆಯುವುದಿಲ್ಲ. ಕರೆಯಬೇಕಾದ ಕಾರಣ ಆಶಾಗೆ ಗೊತ್ತಿಲ್ಲ, ಗೊತ್ತಾಗಬಾರದು ಕೂಡ. ಎರಡು ಇಲಾಖೆಗಳ ಎರಡು ಪುಸ್ತಕಗಳು ಒಂದನ್ನೊಂದು ನೋಡದೆ ಇರುವುದರಿಂದ ಬಂದ ತೊಡಕಿದು.

ಹಾಗಾದರೆ ಈ ಕೆಲಸ ಆಗಬೇಕಾದ ಜಾಗ ಏ.ಆರ್.ಟಿ. ಕೇಂದ್ರವೇ. ಅಲ್ಲಿ ಅವಳ ಗುಟ್ಟು ಹೊಸದಾಗಿ ಯಾರಿಗೂ ಹೇಳಬೇಕಾಗಿಲ್ಲ. ಪುಣೆಯ ಪ್ರಯಾಸ್ ಸಂಸ್ಥೆಯಲ್ಲಿ ಎಚ್.ಐ.ವಿ. ಇರುವ ಸಾವಿರಕ್ಕೂ ಮಿಕ್ಕಿದ ಹೆಂಗಸರ ತಪಾಸಣೆ ನಡೆದು ಅದರ ವಿವರ 2013ರಲ್ಲಿ ಪ್ರಕಟವಾಗಿದೆ. ಎಂದರೆ ಮಹಾರಾಷ್ಟ್ರದಲ್ಲೇ ಇದು ಮಾಡಿ ತೋರಿಸಿದ ಕೆಲಸ. ಹೆಂಗಸರು ಒಪ್ಪುವುದಿಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

ಈಗ ಅಕ್ಕಲಕೋಟೆಗೆ ಬರೋಣ. ಸ್ವಾಮಿ ಸಮರ್ಥರ ಮಠದಿಂದ ದೇಶಕ್ಕೆಲ್ಲ ಗೊತ್ತಾದ ಊರು. ಪೇಟೆಯಲ್ಲಿ ಮರಾಠಿ, ಸುತ್ತಿನ ಹಳ್ಳಿಗಳ ಮನೆಗಳಲ್ಲಿ ಕನ್ನಡ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳೂ ಇವೆ. ಸಿದ್ಧರಾಮನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ; 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಜಯದೇವಿತಾಯಿ ಲಿಗಾಡೆಯವರು ಆ ಊರಿನವರು. ಅಕ್ಕಲಕೋಟೆಯಿಂದ ಸೊಲ್ಲಾಪುರದ ಸಿವಿಲ್ ಆಸ್ಪತ್ರೆಗೆ ಸುಮಾರು 40 ಕಿಲೋಮೀಟರ್. ತಪಾಸಣೆಯಲ್ಲಿ ಹೆಸರಾದ ಬಾರ್ಶಿಗೆ ಹೋಗಬೇಕಾದರೆ ಸೊಲ್ಲಾಪುರ ದಾಟಿ ಇನ್ನೂ ಎಪ್ಪತ್ತು. ಹೊಲದ ಕೂಲಿಯವಳಿಗೆ, ಬೀಡಿ ಕಟ್ಟುವವಳಿಗೆ ಒಂದು ದಿನದ ಗಳಿಕೆ ಹೋಯಿತು, ಬಸ್ಸಿನ ಖರ್ಚು ಬೇರೆ. ಬೀಡಿಯ ಲೆಕ್ಕ ನಮ್ಮ ಕಡೆಯ ಮನೆಗಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಗುಳಿಗೆಗೆಂದು ಒಂದು ದಿನ, ತಪಾಸಣೆಗೆಂದು ಮತ್ತೊಂದು ದಿನ, ಫಲಿತಾಂಶಕ್ಕೆಂದು ಮೂರನೆಯ ದಿನ ಬಾ ಎಂದರೆ ಅವಳು ಮೊದಲನೆಯದಕ್ಕೆ ಮಾತ್ರ ಬರುತ್ತಾಳೆ. ಅದು ಅವಳ ಉದಾಸೀನವಲ್ಲ.

ಭಾಷೆಯ ಮಾತಿನಲ್ಲಿ ಉತ್ಪ್ರೇಕ್ಷೆ ಬೇಡ. ಅಕ್ಕಲಕೋಟೆಯ ಕನ್ನಡಿಗರಲ್ಲಿ ಮರಾಠಿ ತಿಳಿಯದವರು ಕಡಿಮೆ. ಸಂತೆಯಲ್ಲಿ, ಬಸ್ಸಿನಲ್ಲಿ, ತಹಸೀಲಿಯಲ್ಲಿ ಎರಡೂ ನಡೆಯುತ್ತವೆ. ನಮ್ಮಲ್ಲಿಯೂ ಮಲಯಾಳ ಬಾರದ ಕನ್ನಡಿಗರು ಎಷ್ಟು ಮಂದಿ? ಆದರೆ ಮರಾಠಿಯಲ್ಲಿ ಜೋಳದ ದರ ಚೌಕಾಸಿ ಮಾಡಬಲ್ಲವಳು ತನ್ನ ಬಿಳಿಸೆರಗಿನ ಸಂಗತಿಯನ್ನು ಮರಾಠಿಯಲ್ಲಿ ಹೇಳಬಲ್ಲಳೆಂದು ತಿಳಿಯಬಾರದು. ಇಂಥ ಮಾತಿಗೆ ಹೆಂಗಸರಲ್ಲಿ ಬೇರೆಯೇ ಒಂದು ನುಡಿಯಿದೆ. ಅದು ತಾಯಿಯಿಂದ, ಅತ್ತೆಯಿಂದ, ಬಾಣಂತಿ ಕೋಣೆಯಲ್ಲಿ ಕಲಿತದ್ದು, ಶಾಲೆಯಲ್ಲಿ ಕಲಿತದ್ದಲ್ಲ. ಮರಾಠಿಯಲ್ಲಿ ಗರ್ಭಕೋಶಕ್ಕೆ ಆಡುಮಾತಿನಲ್ಲಿ ಪಿಶವಿ ಎನ್ನುತ್ತಾರೆ. ಕನ್ನಡದಲ್ಲಿ ಚೀಲ ಎಂದಂತಾಯಿತು. ಪಿಶವಿಯ ತಪಾಸಣೆ ಎಂದು ಕೇಳಿದವಳಿಗೆ ಥಟ್ಟನೆ ಬರುವ ಯೋಚನೆ, ಚೀಲ ತೆಗೆಯುತ್ತಾರೋ ಏನೋ ಎಂಬುದು. ಆ ಹೆದರಿಕೆಗೆ ಆಧಾರವಿಲ್ಲದಿಲ್ಲ. ಅದೇ ರಾಜ್ಯದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರ ಗರ್ಭಕೋಶಗಳನ್ನು ಎಗ್ಗಿಲ್ಲದೆ ತೆಗೆಸಿದ ಸಂಗತಿ 2019ರಲ್ಲಿ ಬಯಲಾಗಿ ಸರಕಾರ ಸಮಿತಿ ನೇಮಿಸಬೇಕಾಯಿತು. ಆದುದರಿಂದ ಈ ತಪಾಸಣೆಯಲ್ಲಿ ಚೀಲ ತೆಗೆಯುವ ಮಾತೇ ಇಲ್ಲ, ಕೆಟ್ಟ ಪದರ ಕಂಡರೆ ಆ ತಾವನ್ನು ಮಾತ್ರ ಬಿಸಿಯಿಂದಲೋ ತಂಪಿನಿಂದಲೋ ಸುಟ್ಟುಬಿಡುತ್ತಾರೆ, ಅನೇಕರಿಗೆ ಅದೇ ದಿನ ಮನೆಗೆ ಹೋಗಬಹುದು ಎಂಬುದನ್ನು ಅವಳ ಮನೆಮಾತಿನಲ್ಲಿ, ಹೆಂಗಸೇ ಕೂತು ಹೇಳಬೇಕು. ವರ್ಷದ ಬಳಿಕ ಮತ್ತೆ ತೋರಿಸಿಕೊಳ್ಳಬೇಕೆಂಬುದನ್ನೂ ಹೇಳಬೇಕು, ಎಚ್.ಐ.ವಿ. ಇದ್ದವರಲ್ಲಿ ರೋಗ ಮರುಕಳಿಸುವುದುಂಟು. ಬಾರ್ಶಿಯಲ್ಲಿ ಹೇಳಿದ್ದಷ್ಟೇ ಫಲ ಕೊಟ್ಟಿತಲ್ಲ, ಅಲ್ಲಿನ ಹೆಂಗಸರ ಮನೆಮಾತು ಮರಾಠಿಯಾಗಿತ್ತು ಎಂಬುದನ್ನು ಮರೆಯಲಾಗದು.

ಗುಟ್ಟಿನ ಪ್ರಶ್ನೆ ಭಾಷೆಯಷ್ಟೇ ಬಿಗಿಯಾದದ್ದು. ಮಾತು ತಿಳಿಯದವಳು ಯಾರನ್ನಾದರೂ ಜತೆಗೆ ಕರೆದುಕೊಂಡು ಹೋಗಬೇಕು. ಮಗನನ್ನೋ, ಮೈದುನನನ್ನೋ, ನೆರೆಮನೆಯವಳನ್ನೋ. ಅಲ್ಲಿಗೆ ಗುಟ್ಟು ಮುಗಿಯಿತು. ನಮ್ಮ ಗಡಿನಾಡುಗಳಲ್ಲಿ ದುಭಾಷಿ ಎಂದರೆ ಸಾಮಾನ್ಯವಾಗಿ ನೆಂಟರೇ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್.ಐ.ವಿ. ಕಾಯಿದೆಯಂತೆ ಸೋಂಕಿತರ ಒಪ್ಪಿಗೆಯಿಲ್ಲದೆ ಅವರ ಸ್ಥಿತಿಯನ್ನು ಬಹಿರಂಗಪಡಿಸುವಂತಿಲ್ಲ, ಅದೇ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತೆಯೂ ಇಲ್ಲ. ಒಪ್ಪಿಗೆ ಎಂದರೆ ತಿಳಿದು ಕೊಟ್ಟ ಒಪ್ಪಿಗೆ. ತಿಳಿಯದ ಲಿಪಿಯ ಕಾಗದದ ಮೇಲೆ ಒತ್ತಿದ ಹೆಬ್ಬೆರಳಿನ ಗುರುತು ಒಪ್ಪಿಗೆಯಾಗುತ್ತದೆಯೇ ಎಂಬುದನ್ನು ಕಾನೂನು ಬಲ್ಲವರು ಯೋಚಿಸಲಿ.

ಇದಕ್ಕೆಲ್ಲ ಕೋಟಿಗಟ್ಟಲೆ ಹಣ ಬೇಕೆಂದು ಯಾರೂ ಹೇಳಲಾರರು. ಗುಳಿಗೆಯ ದಿನವೇ, ಅದೇ ಕಟ್ಟಡದಲ್ಲಿ ತಪಾಸಣೆ ಇರಿಸುವುದು. ಸಾಧ್ಯವಿರುವಲ್ಲಿ ಹೆಂಗಸು ತಾನೇ ಮರೆಯಲ್ಲಿ ಮಾದರಿ ತೆಗೆದುಕೊಡುವ ಎಚ್.ಪಿ.ವಿ. ಪರೀಕ್ಷೆ ತರುವುದು, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಿದೆ, ನಾಚಿಕೆಯ ತೊಡಕು ಅದರಿಂದ ಬಹಳಷ್ಟು ಕಳೆಯುತ್ತದೆ. ಕನ್ನಡ ಬಲ್ಲ ಒಬ್ಬ ಸಲಹೆಗಾರ್ತಿಯನ್ನು ಗೊತ್ತುಮಾಡುವುದು. ಒಂದು ಹಾಳೆಯ ವಿವರಣೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸುವುದು. ಪರೀಕ್ಷೆಯ ಸಾಮಗ್ರಿಗೆ ಖರ್ಚಿದೆ, ನಿಜ. ಬಲಿತ ಕ್ಯಾನ್ಸರಿಗೆ ವಿಕಿರಣ ಕೊಡಿಸಲು ಬೀಳುವ ಖರ್ಚಿನ ಮುಂದೆ ಅದು ಎಷ್ಟರದು? ಲಸಿಕೆಯ ವಿಷಯ ಬೇರೆ. ಪುಣೆಯ ಸೀರಮ್ ಸಂಸ್ಥೆಯ ಎಚ್.ಪಿ.ವಿ. ಲಸಿಕೆ 2022ರಲ್ಲಿ ಘೋಷಿತವಾಗಿ ಮರುವರ್ಷ ಪೇಟೆಗೆ ಬಂದಿದೆ. ಅದು ಮಗಳನ್ನು ಕಾಯುತ್ತದೆ. ಎಚ್.ಐ.ವಿ. ಇರುವ ಹುಡುಗಿಗೆ ಒಂದು ಡೋಸ್ ಸಾಲದು, ಕಡಿಮೆಯೆಂದರೆ ಎರಡು, ಆಗುವುದಾದರೆ ಮೂರು ಬೇಕೆಂದು ಸಲಹೆಯಿದೆ. ತಾಯಿಯ ಮಟ್ಟಿಗೆ ಮಾತ್ರ ತಪಾಸಣೆಯೇ ದಾರಿ.

ಇದನ್ನೆಲ್ಲ ಅಕ್ಕಲಕೋಟೆಯ ನೆಪದಲ್ಲಿ ಹೇಳಿದರೂ ನಮ್ಮ ಮನೆಯಂಗಳ ಕಣ್ಣಿಗೆ ಬೀಳದಿರುವುದಿಲ್ಲ. ಅಲ್ಲಿಯವರು ಕಲಬುರಗಿಯ ಕಡೆ ನೋಡುವಂತೆ ನಾವು ದೊಡ್ಡ ಕಾಯಿಲೆಗೆ ಮಂಗಳೂರಿನ ಕಡೆ ನೋಡುತ್ತೇವೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಆ ನೋಟಕ್ಕೆ ಏನು ಬೆಲೆ ಎಂಬುದು ಗೊತ್ತಾಯಿತು. ಕೇರಳ ಸರಕಾರವು 2025ರ ಫೆಬ್ರವರಿ 4ರಂದು ‘ಆರೋಗ್ಯಂ ಆನಂದಂ’ ಎಂಬ ಹೆಸರಿನಲ್ಲಿ ಕ್ಯಾನ್ಸರ್ ತಪಾಸಣೆಯ ಆಂದೋಲನ ಹೂಡಿ, ಮೊದಲ ಹಂತದಲ್ಲಿ ಹೆಂಗಸರ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳನ್ನೇ ಎತ್ತಿಕೊಂಡಿತು. ಮೆಚ್ಚತಕ್ಕ ಕೆಲಸ. ಅದರ ಕರಪತ್ರ ಮಂಜೇಶ್ವರದ, ಕುಂಬಳೆಯ, ಪೈವಳಿಕೆಯ, ಎಣ್ಮಕಜೆಯ ಮನೆಗಳಿಗೆ ಯಾವ ಲಿಪಿಯಲ್ಲಿ ಬಂತು, ಬಂದದ್ದನ್ನು ಮನೆಯ ಹಿರಿಯ ಹೆಂಗಸು ತಾನೇ ಓದಿಕೊಂಡಳೋ ಇಲ್ಲ ಮೊಮ್ಮಗನಿಂದ ಓದಿಸಿಕೊಂಡಳೋ ಎಂಬುದನ್ನು ವಾಚಕರೇ ತಮ್ಮ ತಮ್ಮ ಮನೆಯಲ್ಲಿ ಕೇಳಿ ನೋಡಬಹುದು. ಮೊಮ್ಮಗ ಓದಿ ಹೇಳಿದ್ದರೆ ಯಾವ ಸಾಲನ್ನು ಬಿಟ್ಟು ಹೇಳಿದನೆಂಬುದು ನಮಗೆಲ್ಲ ಗೊತ್ತಿರುವಂಥದ್ದೇ. ಪಂಚಾಯತು ಸದಸ್ಯರು ಮುಂದಿನ ಆರೋಗ್ಯ ಸಮಿತಿಯ ಸಭೆಯಲ್ಲಿ ಕನ್ನಡದ ಹಾಳೆಯನ್ನು ಕೇಳಿ ಪಡೆಯಲಿ. ಅದನ್ನು ತಿದ್ದಿಕೊಡಲು ನಮ್ಮ ಅಧ್ಯಾಪಿಕೆಯರು ಸಿದ್ಧರಾಗಲಿ. ಗರ್ಭಕಂಠ ಎಂಬ ಒಂದು ಶಬ್ದವನ್ನು ಮಾತ್ರ ಅಚ್ಚು ಹಾಕಿ ಬಿಟ್ಟರೆ ಸಾಲದು. ಗರ್ಭಕೋಶದ ಬಾಯಿ ಎಂದೂ ಜತೆಗೆ ಬರೆಯಬೇಕು.